ಗಾಡಿ ಮಾತು: ಬೀಡ್‌ಲಾಕ್ ಒಳಗಿನದೋ, ಬೋಲ್ಟಿನದೋ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಗಾಳಿ ಇಳಿಸಿದ ಟೈರು ರಿಮ್ಮಿನಿಂದ ಕಳಚದಂತೆ, ರಿಮ್ಮಿನ ಮೇಲೆ ಜಾರದಂತೆ ಹಿಡಿದಿಡುವುದು ಹೇಗೆ ಅಂತ. ಹಾಗೆ ಹಿಡಿದಿಡುವ ಸಾಧನಕ್ಕೇ ಬೀಡ್‌ಲಾಕ್ ಅನ್ನುತ್ತಾರೆ. ಹಾಗಾಗಿ ನಾಲ್ಕಕ್ಕೂ ಇಲ್ಲೇ ಉತ್ತರ ಕೊಟ್ಟು, ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ಶರಣ್ರಿ ಸರ್. ನನ್ನ ಹತ್ತಿರ ಥಾರ್ ಇದೆ, 18 ಇಂಚಿನ ಅಲಾಯ್ ರಿಮ್ಮಿನದು. ವಾರವೆಲ್ಲ ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಗೆಳೆಯರ ಜೊತೆ ಶಹಾಬಾದ್ ಕಡೆಯ ಹಳೇ ಕಲ್ಲಿನ ಗಣಿಗಳಿಗೆ, ಎರೆ ಹೊಲದ ಬಂಡಿದಾರಿಗಳಿಗೆ ಹೋಗುತ್ತೇವೆ. ಹೋದ ತಿಂಗಳು ಗಾಳಿಯನ್ನು 10 ಪಾಯಿಂಟಿಗೆ ಇಳಿಸಿ ಕಲ್ಲು ಹತ್ತಿಸುವಾಗ ಮುಂದಿನ ಎಡ ಟೈರು ಕಳಚಿಕೊಂಡಿತು. ಈಗ ಎಲ್ಲರೂ ಬೀಡ್‌ಲಾಕ್ ಹಾಕಿಸು ಅನ್ನುತ್ತಾರೆ. ಒಬ್ಬ ಟೈರಿನ ಒಳಗೆ ಕೂರುವುದು ಒಳ್ಳೆಯದು ಅನ್ನುತ್ತಾನೆ, ಇನ್ನೊಬ್ಬ ಹೊರಗೆ ರಿಂಗ್ ಇಟ್ಟು ಬೋಲ್ಟ್ ಬಿಗಿಯುವುದೇ ಗಟ್ಟಿ ಅನ್ನುತ್ತಾನೆ. ಯಾವುದು ಹಾಕಿಸಲಿ?
— ಕಲಬುರಗಿಯ ಓದುಗರು

ಉತ್ತರ: ಶರಣು. ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಸದ್ಯಕ್ಕೆ ಎರಡೂ ಬೇಕಿಲ್ಲ. ಬೇಕೇ ಬೇಕು ಅನ್ನುವ ದಿನ ಬಂದರೆ ಒಳಗಿನದು ಹಾಕಿಸಿ. ಬೋಲ್ಟಿನದು ದಿನಾ ಡಾಂಬರು ರಸ್ತೆಯಲ್ಲಿ ಓಡುವ ಗಾಡಿಗೆ ಹೊಂದುವುದಿಲ್ಲ. ಯಾಕೆ ಅಂತ ವಿವರಿಸುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಟೈರಿನ ಅಂಚಿನಲ್ಲಿ ಉಕ್ಕಿನ ತಂತಿ ಸುತ್ತಿದ ಗಟ್ಟಿ ಭಾಗ ಇರುತ್ತದಲ್ಲ, ಅದೇ ಬೀಡ್. ಟ್ಯೂಬ್‌ಲೆಸ್ ಟೈರಿನಲ್ಲಿ ಅದನ್ನು ರಿಮ್ಮಿಗೆ ಒತ್ತಿ ಹಿಡಿಯುವುದು ಮುಖ್ಯವಾಗಿ ಒಳಗಿನ ಗಾಳಿ. ಜೊತೆಗೆ ರಿಮ್ಮಿನ ಮೇಲೆ ಒಂದು ಸಣ್ಣ ದಿಂಡು ಇರುತ್ತದೆ, ಬೀಡ್ ಒಳಕ್ಕೆ ಜಾರಲು ಹೋದರೆ ಅದು ತಡೆಯುತ್ತದೆ. 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನೀವು ಪಾಯಿಂಟ್ ಅನ್ನುವುದು ಇದನ್ನೇ) ಗಾಳಿ ಇದ್ದಾಗ ನೀವು ಎಷ್ಟು ಎಳೆದಾಡಿದರೂ ಟೈರು ಅಲುಗುವುದಿಲ್ಲ. 10ಕ್ಕೆ ಇಳಿಸಿದಿರಿ ಅಂದರೆ ಆ ಹಿಡಿತ ಮೂರರಲ್ಲಿ ಒಂದು ಪಾಲಿಗೆ ಬಂತು. ಆಗ ಪಕ್ಕದಿಂದ ಒಂದು ಕಲ್ಲು ಒತ್ತಿದರೂ ಸಾಕು, ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಆಕ್ಸಿಲರೇಟರ್ ತುಳಿದರೂ ಸಾಕು, ಬೀಡ್ ಆ ದಿಂಡನ್ನು ಹಾರಿ ಒಳಕ್ಕೆ ಬೀಳುತ್ತದೆ.

ಇನ್ನೊಂದು ಸಂಗತಿ ನಮ್ಮ ಬಿಸಿಲಿನದು. ಏಪ್ರಿಲ್‌ನಲ್ಲಿ ಕಲಬುರಗಿಯಿಂದ ಶಹಾಬಾದ್‌ವರೆಗೆ ಓಡಿಸಿಕೊಂಡು ಹೋಗಿ, ಇಳಿದ ಕೂಡಲೇ ಗಾಳಿ ಬಿಟ್ಟು, ಮೀಟರಿನಲ್ಲಿ 10 ನೋಡಿದಿರಿ ಅನ್ನಿ. ಟೈರು ಕಾದಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಒಂದು ತಾಸು ನೆರಳಲ್ಲಿ ಕೂತು ಊಟ ಮಾಡಿ ಎದ್ದಾಗ ಅದೇ ಟೈರಿನಲ್ಲಿ 8ರ ಹತ್ತಿರ ಇರುತ್ತದೆ. ನೀವು 10 ಅಂದುಕೊಂಡು ಕಲ್ಲು ಹತ್ತಿಸುತ್ತೀರಿ. ನಿಮಗೂ ಹಾಗೇ ಆಗಿದ್ದಿರಬಹುದು. ಆದ್ದರಿಂದ ಮೊದಲ ಖರ್ಚು ಬೀಡ್‌ಲಾಕಿಗೆ ಅಲ್ಲ, ಒಂದು ಒಳ್ಳೆಯ ಗಾಳಿ ಮೀಟರಿಗೆ, ಒಂದು ಸಣ್ಣ ಕಂಪ್ರೆಸರಿಗೆ. ಟೈರು ಬಿಸಿ ಇದ್ದಾಗ ಇಳಿಸುವುದಾದರೆ ಎರಡು ಪಾಯಿಂಟ್ ಮೇಲೆಯೇ ನಿಲ್ಲಿಸಿ.

ನಿಮ್ಮ ದಾರಿಗಳಿಗೆ ಎಷ್ಟು ಗಾಳಿ ಸಾಕು? ಜಲ್ಲಿ ರಸ್ತೆಗೆ 25ರ ಆಸುಪಾಸು. ಗಣಿಯ ಕಲ್ಲಿಗೆ, ಹೊಳೆಯ ಮರಳಿಗೆ 15ರಿಂದ 18. ಇಷ್ಟರಲ್ಲಿ ಟೈರು ಉದ್ದಕ್ಕೆ ಹರಡಿ ನೆಲ ಹಿಡಿಯುತ್ತದೆ, ಬೀಡ್ ಕೂಡ ಜಾಗ ಬಿಡುವುದಿಲ್ಲ, ಅಡ್ಡಾದಿಡ್ಡಿ ತಿರುಗಿಸದೆ ನಿಧಾನ ಹೋದರೆ. ಇನ್ನು ಎರೆ ಮಣ್ಣು. ಮಳೆ ಬಿದ್ದ ಎರೆ ಹೊಲದಲ್ಲಿ ಗಾಳಿ ಎಷ್ಟು ಇಳಿಸಿದರೂ ಲಾಭ ಕಡಿಮೆ, ಯಾಕಂದರೆ ಆ ಮಣ್ಣು ಟೈರಿನ ಗಟ್ಟೆಗಳ ನಡುವೆ ತುಂಬಿ ಟೈರನ್ನೇ ನುಣ್ಣಗಿನ ಉಂಡೆ ಮಾಡಿಬಿಡುತ್ತದೆ. ಅದಕ್ಕೆ ಬೀಡ್‌ಲಾಕ್ ಏನೂ ಮಾಡಲಾರದು. ಬಿಸಿಲು ಬಿದ್ದು ಎರಡು ದಿನ ಆಗಲಿ, ಆಮೇಲೆ ಹೋಗಿ. ಹಸಿ ಹೊಲದ ದಾರಿಯಲ್ಲಿ ನೀವು ತೋಡಿದ ಗಾಲಿ ಗುಂಡಿ ಒಣಗಿ ಕಲ್ಲಾಗುತ್ತದೆ, ಆ ದಾರಿಯಲ್ಲಿ ತೊಗರಿ ರಾಶಿ ಸಾಗಿಸುವ ರೈತ ಆರು ತಿಂಗಳು ಅದರ ಮೇಲೆ ಎಗರಾಡಬೇಕು. ಇದನ್ನು ದಯವಿಟ್ಟು ಗೆಳೆಯರಿಗೂ ಹೇಳಿ.

ಶಹಾಬಾದ್ ಕಲ್ಲಿನ ವಿಷಯವೂ ಬೇರೆ. ಅದು ಪದರ ಪದರವಾಗಿ ಒಡೆಯುವ ಸುಣ್ಣದ ಕಲ್ಲು. ಗಣಿಯಲ್ಲಿ ಬಿಸಾಡಿದ ತುಂಡುಗಳ ಅಂಚು ಕುಡಗೋಲಿನ ಹಾಗೆ ಇರುತ್ತದೆ. ಗಾಳಿ ಇಳಿಸಿದಷ್ಟೂ ಟೈರಿನ ಪಕ್ಕದ ಗೋಡೆ ಹೊರಗೆ ಉಬ್ಬುತ್ತದೆ, ಉಬ್ಬಿದಷ್ಟೂ ಕಲ್ಲಿಗೆ ಸಿಗುತ್ತದೆ. ಬೀಡ್‌ಲಾಕ್ ಇದೆ ಅನ್ನುವ ಧೈರ್ಯದಲ್ಲಿ 7-8ಕ್ಕೆ ಇಳಿಸಿ ಅಲ್ಲಿಗೆ ಹೋದರೆ ಬೀಡ್ ಗಟ್ಟಿಯಾಗಿ ಕೂತಿರುತ್ತದೆ, ಟೈರಿನ ಪಕ್ಕ ಸೀಳಿರುತ್ತದೆ. ಪಕ್ಕ ಸೀಳಿದ ಟೈರಿಗೆ ಪಂಚರ್ ಹಾಕಿ ರಸ್ತೆಗೆ ಇಳಿಸುವ ಹಾಗಿಲ್ಲ.

ಇಷ್ಟೆಲ್ಲ ಆದ ಮೇಲೂ 10ಕ್ಕಿಂತ ಕೆಳಗೆ ಪದೇ ಪದೇ ಇಳಿಯುವ ಕೆಲಸ ನಿಮ್ಮದಾದರೆ, ಆಗ ಎರಡರ ಲೆಕ್ಕ ನೋಡೋಣ.

ಬೋಲ್ಟಿನದರಲ್ಲಿ ಟೈರಿನ ಹೊರಗಿನ ಬೀಡನ್ನು ರಿಮ್ಮಿಗೂ ಒಂದು ರಿಂಗಿಗೂ ನಡುವೆ ಸಿಕ್ಕಿಸಿ ಸುತ್ತಲೂ ಬೋಲ್ಟ್ ಬಿಗಿಯುತ್ತಾರೆ. ಒಂದು ಗಾಲಿಗೆ ಸಾಮಾನ್ಯವಾಗಿ 24ರಿಂದ 32 ಬೋಲ್ಟು. 32ರ ಲೆಕ್ಕ ಹಿಡಿದರೆ ನಾಲ್ಕು ಗಾಲಿಗೆ 128, ಸ್ಟೆಪ್ನಿ ಸೇರಿದರೆ 160. ಇವನ್ನು ಎದುರು ಬದುರಾಗಿ, ಮೂರು ನಾಲ್ಕು ಸುತ್ತಿನಲ್ಲಿ, ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ) ಹಿಡಿದು, ತಯಾರಿಸಿದವರು ಹೇಳಿದ ಅಳತೆಗೇ ಬಿಗಿಯಬೇಕು. ಮೊದಲ ಓಟದ ನಂತರ ಮತ್ತೆ ನೋಡಬೇಕು, ಯಾಕಂದರೆ ಒಳಗೆ ಸಿಕ್ಕ ರಬ್ಬರು ಸ್ವಲ್ಪ ಕುಗ್ಗಿ ಬೋಲ್ಟ್ ಸಡಿಲ ಆಗುತ್ತದೆ. ಆಮೇಲೂ ನೋಡುತ್ತಲೇ ಇರಬೇಕು. ಸುಮ್ನೆ ಗಾಳಿಯ ಗನ್ ಹಿಡಿದು ಬರ್ರ್ ಅಂತ ಬಿಗಿದರೆ ರಿಂಗ್ ಬಾಗುತ್ತದೆ, ಇಲ್ಲವೆ ಬೋಲ್ಟ್ ಮುರಿಯುತ್ತದೆ. ಭಾರವೂ ಜಾಸ್ತಿ. ಮಾಮೂಲಿ ರಿಮ್ಮಿನಲ್ಲಿ ಗಾಳಿ ತುಂಬಿದಾಗ ಟೈರು ತಾನೇ ನಡುವಿಗೆ ಬಂದು ಕೂರುತ್ತದೆ, ಇಲ್ಲಿ ಹೊರಗಿನ ಬೀಡನ್ನು ಕೈಯಿಂದ ಕೂರಿಸಬೇಕು, ಒಂದು ಕೂದಲಷ್ಟು ಆಚೀಚೆ ಆದರೂ ಹೈವೇಯಲ್ಲಿ ಸ್ಟೇರಿಂಗ್ ನಡುಗುತ್ತದೆ. ಒಳಗಿನ ಬೀಡ್ ಮಾತ್ರ ಇದರಲ್ಲಿ ಸಾಮಾನ್ಯವಾಗಿ ಹಿಡಿತ ಇಲ್ಲದೆ ಹಾಗೇ ಇರುತ್ತದೆ, ಹೆಚ್ಚಿನವರು ಇದನ್ನು ಗಮನಿಸುವುದೇ ಇಲ್ಲ. ಕಳಚುವುದು ಹೆಚ್ಚಾಗಿ ಹೊರಗಿನದೇ ಆದ್ದರಿಂದ ಅಷ್ಟು ಸಾಕಾಗುತ್ತದೆ ಅನ್ನಿ.

ಅದರ ದೊಡ್ಡ ಗುಣ ಒಂದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಟೈರು ಹಾಳಾದರೆ ಮಷಿನ್ ಬೇಕಿಲ್ಲ. ಬೆಟ್ಟದ ನಡುವೆ ಒಂದು ಪಾನಾ ಇದ್ದರೆ ನೀವೇ ರಿಂಗ್ ಬಿಚ್ಚಿ ಟೈರು ಬದಲಿಸಬಹುದು. ಕಲ್ಲಿಗೆ ಗುದ್ದಿ ರಿಂಗ್ ಸೊಟ್ಟಗಾದರೆ ಬರೀ ರಿಂಗ್ ಬದಲಿಸಿದರಾಯಿತು, ರಿಮ್ ಉಳಿಯುತ್ತದೆ. ಸ್ಪರ್ಧೆಗೆ ಹೋಗುವವರು, ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಿ ಕಾಡಿನಲ್ಲೇ ಇಳಿಸುವವರು ಇದನ್ನೇ ಹಾಕುವುದು ಅದಕ್ಕೇ, ಮತ್ತು ಅವರಿಗೆ ಅದೇ ಸರಿ.

ಒಳಗಿನದು ಬೇರೆ ರೀತಿ. ಗಟ್ಟಿ ನೈಲಾನ್ ಬಟ್ಟೆಯ ಕವಚದೊಳಗೆ ಒಂದು ಟ್ಯೂಬ್ ಇರುತ್ತದೆ, ಅದು ಟೈರಿನೊಳಗೆ ರಿಮ್ಮಿಗೆ ಸುತ್ತಿಕೊಂಡು ಕೂರುತ್ತದೆ. ಅದಕ್ಕೆ ಬೇರೆಯೇ ವಾಲ್ವ್. ಅದರಲ್ಲಿ 50 ಪಿಎಸ್‌ಐ ಆಸುಪಾಸು ಗಾಳಿ ತುಂಬಿದರೆ ಅದು ಎರಡೂ ಬೀಡ್‌ಗಳನ್ನು ಎರಡು ಬದಿಗೆ ಒತ್ತಿ ಹಿಡಿಯುತ್ತದೆ. ಹೊರಗಿನ ಟೈರಿನ ಗಾಳಿಯನ್ನು ಮಾಮೂಲಿ ವಾಲ್ವಿನಿಂದ ನೀವು 6ಕ್ಕಾದರೂ ಇಳಿಸಿ, ಒಳಗಿನ 50 ಹಾಗೇ ಇರುತ್ತದೆ. ಆಸ್ಟ್ರೇಲಿಯಾದ ಸ್ಟಾನ್, ಅಮೆರಿಕದ ಕಯೋಟಿ ಹೆಸರಿನವು ಇದೇ ಬಗೆಯವು. ಎರಡೂ ಬೀಡ್ ಹಿಡಿಯುತ್ತದೆ, ಹೊರಗೆ ಬೋಲ್ಟ್ ಇಲ್ಲ, ವಾರ ವಾರ ಬಿಗಿಯುವ ಕೆಲಸ ಇಲ್ಲ, ಕಲ್ಲಿಗೆ ತಾಗುವಂಥದ್ದು ಏನೂ ಇಲ್ಲ. ಕೆಲಸಕ್ಕೂ ಅದೇ ಗಾಡಿ, ಭಾನುವಾರಕ್ಕೂ ಅದೇ ಗಾಡಿ ಅನ್ನುವ ನಿಮ್ಮಂಥವರಿಗೆ ಇದೇ ಸರಿ ಅನ್ನಲು ಇಷ್ಟೇ ಕಾರಣ.

ಆದರೆ ತೊಂದರೆಗಳನ್ನೂ ತಿಳಿದುಕೊಂಡೇ ದುಡ್ಡು ಕೊಡಿ. ರಿಮ್ಮಿಗೆ ಎರಡನೇ ತೂತು ಕೊರೆಯಬೇಕು. ಅಲಾಯ್ ರಿಮ್ಮಿಗೆ ತೂತು ಕೊರೆದ ಮೇಲೆ ವಾರಂಟಿ ಮಾತು ಮುಗಿಯಿತು. ಕೊರೆದ ತೂತಿನ ಅಂಚು ಉಜ್ಜಿ ನುಣ್ಣಗೆ ಮಾಡದಿದ್ದರೆ ಅದೇ ಅಂಚು ಟ್ಯೂಬನ್ನು ಕೊಯ್ಯುತ್ತದೆ. ರಿಮ್ಮಿನೊಳಗೆ ಗಾಳಿ ತೋರಿಸುವ ಸೆನ್ಸರ್ ಇದ್ದರೆ ಅದಕ್ಕೆ ಜಾಗ ಉಳಿಯುವುದಿಲ್ಲ, ತೆಗೆಯಬೇಕಾಗುತ್ತದೆ. ಟೈರು ಏರಿಸುವುದು, ಇಳಿಸುವುದು ಎರಡೂ ಕಷ್ಟದ ಕೆಲಸ, ಮೊದಲ ಸಲ ನೋಡುತ್ತಿರುವ ಪಂಚರ್ ಅಂಗಡಿಯವನು ಕವಚಕ್ಕೆ ರಾಡ್ ಚುಚ್ಚಿಬಿಟ್ಟರೆ ಅಲ್ಲಿಗೇ ಮುಗಿಯಿತು. ಪಂಚರ್ ಬತ್ತಿ ತುರುಕುವಾಗಲೂ ಉದ್ದ ಸೂಜಿಯನ್ನು ಬುಡದವರೆಗೆ ಒತ್ತಬಾರದು. ಹಾಗಾಗಿ ಯಾರು ಹಾಕಿಕೊಡುತ್ತಾರೆ ಅನ್ನುವುದಕ್ಕಿಂತ ಯಾರು ಮತ್ತೆ ಬಿಚ್ಚಿಕೊಡುತ್ತಾರೆ ಅಂತ ಮೊದಲು ವಿಚಾರಿಸಿ. ಕಲಬುರಗಿ ಬಿಟ್ಟು ದೂರ ದೂರ ಒಬ್ಬರೇ ತಿರುಗುವವರಾದರೆ ಈ ಒಂದು ಕಾರಣಕ್ಕೇ ಒಳಗಿನದು ಬೇಡ ಅನ್ನುತ್ತಿದ್ದೆ.

ನನ್ನ ಸಲಹೆ ಕೇಳಿದರೆ ಇದೆಲ್ಲಕ್ಕಿಂತ ಮೊದಲು ಮಾಡುವ ಕೆಲಸ ಇನ್ನೊಂದಿದೆ. ನಿಮ್ಮದು 255/65 ಆರ್ 18 ಟೈರು. ಅದರ ಪಕ್ಕದ ಗೋಡೆ ಸುಮಾರು 166 ಮಿ.ಮೀ. ಅದೇ ಥಾರ್‌ನ 16 ಇಂಚಿನ ಮಾದರಿಯಲ್ಲಿ ಬರುವ 245/75 ಆರ್ 16ರಲ್ಲಿ ಸುಮಾರು 184 ಮಿ.ಮೀ. ಗೋಡೆ ಎತ್ತರ ಇದ್ದಷ್ಟೂ ಸ್ವಲ್ಪ ಗಾಳಿ ಇಳಿಸಿದರೂ ಟೈರು ಚೆನ್ನಾಗಿ ಮಣಿಯುತ್ತದೆ, ರಿಮ್ ಕಲ್ಲಿನಿಂದ ದೂರ ಉಳಿಯುತ್ತದೆ. ಕಂಪನಿಯದೇ 16ರ ರಿಮ್ಮಿನ ಒಂದು ಸೆಟ್ ಸಿಕ್ಕಿದರೆ ಭಾನುವಾರಕ್ಕೆ ಅದನ್ನು ಇಟ್ಟುಕೊಳ್ಳಿ. ಬೀಡ್‌ಲಾಕಿನ ಅರ್ಧ ಆಸೆ ಅಲ್ಲೇ ತೀರುತ್ತದೆ.

ಮತ್ತೆ ಕಳಚಿದರೆ ಗಾಬರಿ ಬೇಡ. ನನಗೂ ಆಗಿದೆ. ಬೀದರ್ ಕಡೆ ಮಾಂಜ್ರಾ ದಂಡೆಯ ಮರಳಿನಲ್ಲಿ ಗಾಡಿ ಹೂತು, ಅವಸರದಲ್ಲಿ ಸ್ಟೇರಿಂಗ್ ಕಟ್ ಮಾಡಿ ರಿವರ್ಸ್ ತೆಗೆದೆ, ಬಲಗಾಲಿಯ ಬೀಡ್ ಹೋಯಿತು. ಜ್ಯಾಕಿನ ಕೆಳಗೆ ಹಲಗೆ ಇಟ್ಟು ಗಾಲಿ ಎತ್ತಿ, ಬೀಡಿನ ಸುತ್ತ ಸೇರಿದ್ದ ಮರಳನ್ನೆಲ್ಲ ತೊಳೆದು, ಸೋಪಿನ ನೀರು ಸವರಿ, ಸಾಮಾನು ಕಟ್ಟುವ ಬೆಲ್ಟನ್ನು ಟೈರಿನ ಮೈಸುತ್ತ ಸುತ್ತಿ ಬಿಗಿದೆ. ಹಾಗೆ ಬಿಗಿದಾಗ ಬೀಡ್ ಎರಡು ಬದಿಗೆ ಹರಡಿ ರಿಮ್ಮಿಗೆ ತಾಗುತ್ತದೆ. ವಾಲ್ವಿನ ಒಳಗಿನ ಪಿನ್ ತೆಗೆದು ಕಂಪ್ರೆಸರ್ ಹಚ್ಚಿದರೆ ಗಾಳಿ ಜೋರಾಗಿ ಹೋಗುತ್ತದೆ. ಟೈರು ಉಬ್ಬಲು ಶುರುವಾದ ಕೂಡಲೇ ಬೆಲ್ಟ್ ಸಡಿಲಿಸಬೇಕು. ಟಪ್ ಟಪ್ ಅಂತ ಎರಡು ಸದ್ದು ಬಂದರೆ ಕೂತಿತು ಅಂತ ಅರ್ಥ. ಪೆಟ್ರೋಲ್ ಚಿಮುಕಿಸಿ ಬೆಂಕಿ ಹಚ್ಚಿ ಟೈರು ಕೂರಿಸುವ ವಿಡಿಯೊ ನೋಡಿರುತ್ತೀರಿ, ಅದನ್ನು ಮಾತ್ರ ಮಾಡಬೇಡಿ.

ಚಿಂಚೋಳಿ ಕಡೆಗೂ ಹೋಗೋಣ ಅಂತ ನಿಮ್ಮ ಗುಂಪಿನಲ್ಲಿ ಮಾತು ಬರಬಹುದು. ಅದು ವನ್ಯಜೀವಿ ಧಾಮ. ಅಲ್ಲಿ ದಾರಿ ಬಿಟ್ಟು ಗಾಲಿ ಇಳಿಸಬೇಡಿ.

ಪ್ರಶ್ನೆ: ಸರ್, ಸುತ್ತಲೂ ಬೋಲ್ಟ್ ಇರುವ ಅಲಾಯ್ ಗಾಲಿಗಳ ಸೆಟ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಅಂಗಡಿಯವರು ಬೀಡ್‌ಲಾಕ್ ಅಂತಲೇ ಹೇಳುತ್ತಾರೆ. ನಿಜವೋ ಸುಳ್ಳೋ ಹೇಗೆ ಗೊತ್ತಾಗುತ್ತದೆ? ಆರ್‌ಟಿಒದವರು ಹಿಡಿಯುತ್ತಾರಾ?
— ಬೀದರಿನ ಓದುಗರು

ಉತ್ತರ: ಬೋಲ್ಟ್ ಕಂಡ ಮಾತ್ರಕ್ಕೆ ಬೀಡ್‌ಲಾಕ್ ಅಲ್ಲ. ಮಾರುಕಟ್ಟೆಯಲ್ಲಿ ಬರೀ ಅಂದಕ್ಕೆ ರಿಂಗ್ ಕೂರಿಸಿದ ಗಾಲಿಗಳು ತುಂಬಾ ಇವೆ. ಟೈರು ಏರಿಸಿದ ಗಾಲಿಯನ್ನು ಪಕ್ಕದಿಂದ ನೋಡಿ. ನಿಜವಾದದ್ದರಲ್ಲಿ ಟೈರಿನ ಅಂಚು ರಿಂಗಿನ ಕೆಳಗೆ ಹೋಗಿ ಸಿಕ್ಕಿಕೊಂಡಿರುತ್ತದೆ, ರಿಂಗ್ ಬಿಚ್ಚದೆ ಟೈರು ಹೊರಗೆ ಬರುವುದೇ ಇಲ್ಲ. ಅಂದದ ಗಾಲಿಯಲ್ಲಿ ಟೈರು ಮಾಮೂಲಿ ರಿಮ್ಮಿನಲ್ಲಿ ಕೂತ ಹಾಗೇ ಕೂತಿರುತ್ತದೆ, ರಿಂಗ್ ಅದರ ಪಕ್ಕದಲ್ಲಿ ಸುಮ್ನೆ ಅಂಟಿಕೊಂಡಿರುತ್ತದೆ. ಟೈರು ಇಲ್ಲದ ಖಾಲಿ ಗಾಲಿಯಾದರೆ ರಿಂಗ್ ಬಿಚ್ಚಿಸಿ ನೋಡಿ: ಕೆಳಗೆ ಬೀಡ್ ಕೂರುವ ಮೆಟ್ಟಿಲು ಇರಬೇಕು. ಬಿಚ್ಚಲು ಒಪ್ಪದಿದ್ದರೆ ಕೊಳ್ಳಬೇಡಿ. ಅಂದದ ಗಾಲಿಯನ್ನು ನಿಜ ಅಂತ ನಂಬಿ 7 ಪಾಯಿಂಟಿಗೆ ಇಳಿಸುವುದು ಬಹಳ ಅಪಾಯ, ಕೆಳಗೆ ಇಳಿಜಾರು ಇದ್ದಾಗ ಟೈರು ಕಳಚಿದರೆ ಗಾಡಿ ಮಗುಚಬಹುದು.

ಕಾನೂನಿನ ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅಮೆರಿಕದಲ್ಲೂ ಬೋಲ್ಟಿನ ಬೀಡ್‌ಲಾಕ್ ಗಾಲಿಗಳ ಮೇಲೆ 'ರಸ್ತೆಗೆ ಅಲ್ಲ' ಅಂತ ತಯಾರಿಸಿದವರೇ ಬರೆದಿರುವುದು ಹೆಚ್ಚು. ದಂಡದ ಮಾತು ಒಂದು ಕಡೆ ಇರಲಿ. ನಾಳೆ ಅಪಘಾತ ಆಗಿ ವಿಮೆಯವರು ಇದನ್ನೇ ತೋರಿಸಿ ಹಣ ತಡೆದರೆ ಮನೆಯವರ ಗತಿ ಏನು, ಅದನ್ನು ಯೋಚಿಸಿ. ರಸ್ತೆಗೆ ಕಂಪನಿಯ ಗಾಲಿ ಇರಲಿ.

ಪ್ರಶ್ನೆ: ನಮ್ಮ ಅಪ್ಪನ ಕಾಲದ ಹಳೇ ಜೀಪ್ ಇದೆ. ಅದರ ಕಬ್ಬಿಣದ ರಿಮ್ಮಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ರಿಂಗ್ ಹಚ್ಚಿಸಿ ಬೀಡ್‌ಲಾಕ್ ಮಾಡಿಸಬಹುದಾ? ಲಾರಿ ಗಾಲಿಗೂ ರಿಂಗ್ ಇರುತ್ತದಲ್ಲ, ಅದೇ ತಾನೇ?
— ಶಹಾಪುರದ ಓದುಗರು

ಉತ್ತರ: ಬೇಡ. ರಿಮ್ಮಿಗೆ ವೆಲ್ಡ್ ಮಾಡುವ ರಿಂಗಿನ ಕಿಟ್‌ಗಳು ಹೊರದೇಶದಲ್ಲಿ ಇವೆ ನಿಜ, ಆದರೆ ಅದಕ್ಕೆ ರಿಮ್ಮನ್ನು ತಿರುಗಿಸಿ ಅಳತೆ ಹಿಡಿದು, ಶಾಖಕ್ಕೆ ಸೊಟ್ಟಗಾಗದಂತೆ ಸ್ವಲ್ಪ ಸ್ವಲ್ಪ ವೆಲ್ಡ್ ಮಾಡಿ, ಗಾಳಿ ಸೋರುತ್ತದಾ ಅಂತ ಪರೀಕ್ಷಿಸಬೇಕು. ಗೇಟು, ಕಿಟಕಿ ಚೆನ್ನಾಗಿ ಮಾಡುವವರ ಕೈ ಎಷ್ಟು ಒಳ್ಳೆಯದಿದ್ದರೂ ಇದು ಬೇರೆ ಕೆಲಸ. ಟೈರು ಏರಿಸಿದ ರಿಮ್ಮಿಗೆ ವೆಲ್ಡಿಂಗ್ ಹಚ್ಚುವುದಂತೂ ಸಾವಿನ ಜೊತೆ ಆಟ, ಒಳಗಿನ ಗಾಳಿ, ರಬ್ಬರು ಕಾದು ಟೈರು ಸಿಡಿಯುತ್ತದೆ.

ಲಾರಿಯ ರಿಂಗ್ ಬೇರೆ. ಟೈರು ಏರಿಸಲು ಅನುಕೂಲ ಆಗಲಿ ಅಂತ ರಿಮ್ಮಿನ ಒಂದು ಬದಿಯನ್ನೇ ಬಿಡಿ ರಿಂಗ್ ಮಾಡಿರುತ್ತಾರೆ, ಅದನ್ನು ಹಿಡಿದಿಡುವುದು ಟೈರಿನ ಗಾಳಿಯೇ. ಗಾಳಿ ಇಳಿಸಿದರೆ ಅದು ಬೀಡನ್ನು ಹಿಡಿಯುವುದಿಲ್ಲ. ಆ ರಿಂಗ್ ಸರಿಯಾಗಿ ಕೂರದೆ ಹಾರಿ ಜನ ಸತ್ತಿದ್ದಾರೆ, ಹೈವೇ ಬದಿಯ ಟೈರ್ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ.

ನಿಮ್ಮ ಜೀಪಿನ ಬಗ್ಗೆ ಒಂದು ಮುಖ್ಯ ಮಾತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪುಗಳಿಗೆ ಎರಡು ತುಂಡಿನ ರಿಮ್ ಬರುತ್ತಿತ್ತು, ಎರಡನ್ನೂ ಬೋಲ್ಟಿನಿಂದ ಸೇರಿಸಿ ಒಳಗೆ ಬೀಡ್ ಹಿಡಿಯುವ ರಿಂಗ್ ಇಡುತ್ತಿದ್ದರು, ಗುಂಡು ತಗುಲಿ ಗಾಳಿ ಹೋದರೂ ಟೈರು ಕಳಚದೆ ಗಾಡಿ ಓಡಲಿ ಅಂತ. ಅಂದರೆ ಬೀಡ್‌ಲಾಕ್ ಹೊಸದೇನಲ್ಲ. ಅಂಥ ಎರಡು ತುಂಡಿನ ರಿಮ್ ನಿಮ್ಮ ಜೀಪಿನಲ್ಲಿ ಇದ್ದರೆ ಅದರಲ್ಲಿ ಎರಡು ಸುತ್ತು ನಟ್ಟು ಕಾಣುತ್ತವೆ: ನಡುವಿನವು ಗಾಲಿ ಬಿಚ್ಚಲು, ಹೊರಗಿನ ಸುತ್ತಿನವು ರಿಮ್ಮಿನ ಎರಡು ತುಂಡು ಹಿಡಿಯಲು. ಗಾಳಿ ಇರುವಾಗ ಹೊರಗಿನ ಸುತ್ತಿನ ನಟ್ಟಿಗೆ ಪಾನಾ ಹಾಕಲೇಬಾರದು. ಗೊತ್ತಿಲ್ಲದ ಹುಡುಗರು ಪಂಚರ್ ಅಂಗಡಿಯಲ್ಲಿ ಇರುತ್ತಾರೆ, ಅವರಿಗೆ ನೀವೇ ನಿಂತು ತೋರಿಸಿ. ಬೋಲ್ಟಿನ ಬೀಡ್‌ಲಾಕಿಗೂ ಇದೇ ಮಾತು: ಮೊದಲು ವಾಲ್ವಿನ ಪಿನ್ ತೆಗೆದು ಗಾಳಿ ಪೂರ್ತಿ ಹೋಗಲಿ, ಆಮೇಲೆ ಪಾನಾ.

ಪ್ರಶ್ನೆ: ಅಣ್ಣಾ, ನಮ್ಮದು ನಾರಾಯಣಪುರ ಕಾಲುವೆ ನೀರಿನ ಭತ್ತದ ಹೊಲ. ಟ್ರ್ಯಾಕ್ಟರಿನ ಹಿಂದಿನ ಗಾಲಿಯಲ್ಲಿ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಪದೇ ಪದೇ ಹರಿಯುತ್ತದೆ. ಹೋದ ಹಂಗಾಮಿನಲ್ಲೇ ಮೂರು ಟ್ಯೂಬ್ ಹೋದವು. ಬೀಡ್‌ಲಾಕ್ ಅಂತ ಮಗ ಹೇಳುತ್ತಾನೆ. ಟ್ರ್ಯಾಕ್ಟರಿಗೂ ಹಾಕಬಹುದಾ?
— ಸುರಪುರ ತಾಲ್ಲೂಕಿನ ಓದುಗರು

ಉತ್ತರ: ತಂಗಿ, ನಿಮ್ಮ ಮಗ ಕಾರಣ ಸರಿಯಾಗಿ ಹಿಡಿದಿದ್ದಾನೆ, ಮದ್ದು ಮಾತ್ರ ಬೇರೆ. ಬೀಡ್ ರಿಮ್ಮನ್ನು ಬಿಗಿಯಾಗಿ ಹಿಡಿಯದೆ ಇರುವುದರಿಂದಲೇ ಹೀಗಾಗುತ್ತದೆ. ಎಂಜಿನ್ ರಿಮ್ಮನ್ನು ತಿರುಗಿಸುತ್ತದೆ, ಕೆಸರು ಟೈರನ್ನು ಹಿಡಿದಿರುತ್ತದೆ, ಟೈರಿನ ಜೊತೆ ಟ್ಯೂಬ್ ನಿಲ್ಲುತ್ತದೆ, ರಿಮ್ಮಿನ ಜೊತೆ ವಾಲ್ವ್ ಹೋಗುತ್ತದೆ. ಹರಿಯದೆ ಏನು ಮಾಡೀತು?

ಇದಕ್ಕೆ ಬೀಡ್‌ಲಾಕಿನ ಖರ್ಚು ಬೇಡ. ಮೊದಲು ಗಾಳಿ ನೋಡಿಸಿ. ಹೊಲಕ್ಕೆ ಅಂತ ಕೆಲವರು 7-8ಕ್ಕೆ ಇಳಿಸುತ್ತಾರೆ, ಹೆಚ್ಚಿನ ಹಿಂದಿನ ಟೈರುಗಳಿಗೆ ಹೊಲದಲ್ಲೂ 12ರ ಆಸುಪಾಸು ಬೇಕು, ಸರಿಯಾದ ಅಳತೆ ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ. ಎರಡನೆಯದು, ಮುಂದಿನ ಸಲ ಟೈರು ಬಿಚ್ಚಿದಾಗ ರಿಮ್ಮಿನ ಒಳಗಿನ ತುಕ್ಕು ಎಷ್ಟಿದೆ ನೋಡಿ. ಭತ್ತದ ಗದ್ದೆಯ ನೀರಿಗೆ ರಿಮ್ ತುಕ್ಕು ಹಿಡಿದು ಪದರ ಏಳುತ್ತದೆ, ಬೀಡ್ ಆ ಪದರದ ಮೇಲೆ ಕೂತರೆ ಹಿಡಿತ ಇರುವುದಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿ ಬಣ್ಣ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಟೈರು ಏರಿಸಲಿ. ಏರಿಸುವಾಗ ಗ್ರೀಸ್, ಎಣ್ಣೆ ಸವರಲು ಬಿಡಬೇಡಿ, ಸೋಪಿನ ನೀರು ಸಾಕು, ಅದು ಒಣಗುತ್ತದೆ, ಗ್ರೀಸ್ ಒಣಗುವುದಿಲ್ಲ. ಟೈರೇ ಹಳೆಯದಾಗಿ ಬೀಡ್ ಸವೆದಿದ್ದರೆ ಎಷ್ಟು ಟ್ಯೂಬ್ ಹಾಕಿದರೂ ಅದೇ ಕಥೆ, ಆಗ ಟೈರು ಬದಲಿಸಲೇಬೇಕು. ಗದ್ದೆ ಕೆಸರು ಮಾಡುವಾಗ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಗಾಲಿ) ಹಾಕಿದರೆ ಟೈರಿನ ಮೇಲಿನ ಎಳೆತ ಕಡಿಮೆ ಆಗುತ್ತದೆ.

ಇನ್ನೊಂದು ಸುಲಭದ ಕೆಲಸ ಇವತ್ತೇ ಮಾಡಿ. ವಾಲ್ವ್ ಇರುವ ಕಡೆ ಟೈರಿನ ಮೇಲೂ ರಿಮ್ಮಿನ ಮೇಲೂ ಸೇರುವ ಹಾಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ಪ್ರತಿ ಸಂಜೆ ಟ್ರ್ಯಾಕ್ಟರ್ ಮನೆಗೆ ಬಂದಾಗ ನೋಡಿ. ಗೆರೆ ಮುರಿದು ಎರಡು ಬೆರಳಷ್ಟು ಆಚೀಚೆ ಆಗಿದ್ದರೆ ಟೈರು ಜಾರಲು ಶುರುವಾಗಿದೆ ಅಂತ. ಆಗಲೇ ಗಾಳಿ ಪೂರ್ತಿ ಬಿಟ್ಟು, ಟೈರನ್ನು ಜಾಗಕ್ಕೆ ತಂದು, ಮತ್ತೆ ತುಂಬಿಸಿದರೆ ಟ್ಯೂಬ್ ಉಳಿಯುತ್ತದೆ.